ದೊಡ್ಡ ಕಂಡಿಯ ರಿಪೇರಿ

ಫೆಬ್ರವರಿ ೪

ಬೀಗರಿಗೆ ನಮಸ್ಕಾರ.

…ಅದಕ್ಕೇ ನಾನು ನಿನ್ನೆ ಫೋನಿನಲ್ಲಿ ಹೇಳಲು ಹೊರಟದ್ದು, ಕೋಟೆ ಎಂದಮೇಲೆ ಕಂಡಿ ಇರಲೇಬೇಕು ಎಂದಲ್ಲ, ಇದ್ದ ಕಂಡಿಯನ್ನು ಮುಚ್ಚುವ ಮೊದಲು ಒಂದು ಮಾತು ಕೇಳಬಹುದಿತ್ತು ಎಂದು. ನೀವು "ಹಾಂ? ಹಾಂ?" ಎಂದಿರಿ. ನಾನು ಕೂಗಿದೆ. ಎದುರುಮನೆಯವರು ಕಿಟಕಿ ತೆರೆದರು. ಕೊನೆಗೆ ನಮ್ಮ ಮನೆಯ ವಿಚಾರ ಅವರಿಗೆ ಪೂರ್ತಿ ತಿಳಿಯಿತು, ನಿಮಗೆ ತಿಳಿಯಲಿಲ್ಲ. ಜೀವಮಾನವೆಲ್ಲ ಕಲ್ಲು ಕೆತ್ತಿ ನಿಮ್ಮ ಕಿವಿ ಹೋಗಿದೆ. ಅದು ನಿಮ್ಮ ತಪ್ಪಲ್ಲ. ನಮ್ಮ ವಿಮಾ ಕಚೇರಿಯಲ್ಲಿ ಅದಕ್ಕೆ ಆಕ್ಯುಪೇಷನಲ್ ಏನೋ ಒಂದು ಎನ್ನುತ್ತಿದ್ದೆವು, ಎರಡನೆಯ ಪದ ಮರೆತಿದ್ದೇನೆ. ಆದ್ದರಿಂದ ಇನ್ನು ಮುಂದೆ ಕಾಗದವೇ ವಾಸಿ.

ಕುಸಿದ ಗೋಡೆ, ಸುಟ್ಟ ಅಂಗಡಿ, ಮುಳುಗಿದ ಗೋದಾಮು ಇವನ್ನು ನೋಡಿ ವರದಿ ಬರೆದೇ ನನ್ನ ಸರ್ವೀಸು ಮುಗಿದದ್ದು. ವರದಿಯಲ್ಲಿ ಮೊದಲು ಫ್ಯಾಕ್ಟ್ಸ್ ಆಫ್ ದ ಕೇಸ್, ಆಮೇಲೆ ಒಪೀನಿಯನ್. ನಿಮಗೆ ನಿಮ್ಮ ಮಗ ಒಂದು ರೀತಿ ಹೇಳಿರಬಹುದು. ನಮ್ಮ ಕಡೆಯ ಫ್ಯಾಕ್ಟ್ಸು ಹೀಗಿವೆ.

ನಮ್ಮ ಊರು ಗುಡ್ಡದ ಈಚೆ, ನಿಮ್ಮ ಊರು ಗುಡ್ಡದ ಆಚೆ, ನೆತ್ತಿಯ ಮೇಲೆ ಪಾಳುಕೋಟೆ. ನನ್ನ ಮಗಳು, ಅಂದರೆ ನಿಮ್ಮ ಸೊಸೆ, ಬಂದವರಿಗೆ ಆ ಕೋಟೆ ತೋರಿಸುವ ಕೆಲಸದಲ್ಲಿದ್ದಾಳೆ. ಅದು ಬಿದ್ದದ್ದು ಹೇಗೆ ಎಂದು ಒಂದು ಮಹಾಪ್ರಬಂಧವನ್ನೂ ಬರೆಯುತ್ತಿದ್ದಾಳೆ. ನಿಮ್ಮ ಮಗ, ಅಂದರೆ ನಮ್ಮ ಅಳಿಯಂದಿರು, ಅದೇ ಕೋಟೆಯ ರಿಪೇರಿ ಕೆಲಸ ಹಿಡಿದಿದ್ದಾರೆ. ಬಿದ್ದದ್ದನ್ನು ಓದುವವಳು ಒಬ್ಬಳು, ಬಿದ್ದದ್ದನ್ನು ಎತ್ತುವವರು ಒಬ್ಬರು. ಸಂಬಂಧ ನೋಡುವಾಗ ನಾವಿಬ್ಬರೂ ಇದನ್ನೇ ದೊಡ್ಡ ಹೊಂದಾಣಿಕೆ ಎಂದುಕೊಂಡು ಬೀಗಿದ್ದೆವು.

ಏಳೆಂಟು ನೂರು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಸಣ್ಣ ದೊರೆ ಆ ಕೋಟೆ ಕಟ್ಟಿದ. ದೊರೆ ಸಣ್ಣವನು, ಗೋಡೆ ದೊಡ್ಡದು. ನಿಮ್ಮ ಕಡೆಯ ದೊಡ್ಡ ದೊರೆ ಬೆಳಗ್ಗೆ ಎದ್ದು ನೋಡಿದರೆ ಸೂರ್ಯ ಆ ಗೋಡೆಯ ಹಿಂದಿನಿಂದ ಬರುತ್ತಿದ್ದ. ತನ್ನ ಸೂರ್ಯ ಇನ್ನೊಬ್ಬನ ಗೋಡೆ ಹತ್ತಿ ಇಳಿದು ಬರುವುದು ಅವನಿಗೆ ಸರಿಹೋಗಲಿಲ್ಲ. ವರ್ಷಗಟ್ಟಲೆ ಮುತ್ತಿಗೆ ಹಾಕಿದ. ಕೊನೆಗೆ ಪಶ್ಚಿಮದ ಗೋಡೆಯನ್ನು ಒಂದು ಕಡೆ ಒಡೆದ. ಅದೇ ದೊಡ್ಡ ಕಂಡಿ. ಒಳಗೆ ನುಗ್ಗಿ ಗೆದ್ದ. ಆ ಕಂಡಿಯನ್ನು ಮುಚ್ಚಬೇಡಿ, ನಾನು ಬಂದ ದಾರಿ ಕಾಣುತ್ತಿರಲಿ ಎಂದನಂತೆ. ಅಂದಿನಿಂದ ಅದು ಹಾಗೇ ಇತ್ತು, ಬಾಯಿ ತೆರೆದುಕೊಂಡು. ಆ ಕೋಟೆಗೆ ಚರಿತ್ರೆ ಅಂತ ಇದ್ದದ್ದು ಆ ಒಂದೇ ತೂತು. ಉಳಿದದ್ದೆಲ್ಲ ಕಲ್ಲು.

ನನ್ನ ಮಗಳು ಹಳೆಯ ದಾಖಲೆ ನೋಡಲು ಪರವೂರಿಗೆ ಹೋಗಿ ಎರಡು ತಿಂಗಳು ಇದ್ದಳು. ಬಂದ ದಿನವೇ, ನಿಮ್ಮ ಮನೆಗೂ ಹೋಗದೆ, ಒಂದು ಗುಂಪನ್ನು ನಮ್ಮ ಕಡೆಯಿಂದ ಗುಡ್ಡ ಹತ್ತಿಸಿದಳು. ದಾರಿಯುದ್ದಕ್ಕೂ ಕಂಡಿಯ ವರ್ಣನೆ. ತಿರುವು ದಾಟಿದರೆ ಕಂಡಿ ಇಲ್ಲ. ಗೋಡೆ ಇದೆ. ಗೋಡೆಯ ಮುಂದೆ ಅವಳೇ ಬರೆಸಿದ ಫಲಕ ನಿಂತಿದೆ: "ಶತ್ರುಸೈನ್ಯ ಒಳನುಗ್ಗಿದ್ದು ಇಲ್ಲಿಂದಲೇ." ಜನ ಫಲಕ ಓದಿದರಂತೆ, ಗೋಡೆ ನೋಡಿದರಂತೆ, ಮತ್ತೆ ಫಲಕ ಓದಿದರಂತೆ. ಒಬ್ಬರು ಕೇಳಿದರು, "ಮೇಡಂ, ಇಲ್ಲಿಂದ ಹೇಗೆ ನುಗ್ಗಿದ್ರು?" ಇನ್ನೊಬ್ಬರೇ ಉತ್ತರ ಹೇಳಿದರು, "ತುಂಬಾ ತೆಳ್ಳಗಿದ್ರೇನೋ."

ಅವಳು ಅಂದು ಸಂಜೆ ನಿಮ್ಮ ಕಡೆ ಇಳಿಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಕಡೆ ಇಳಿದಳು. ಬಾಗಿಲು ತೆಗೆದೆ. "ಆ ಕಂಡಿ ತೆರೆಯೋವರೆಗೂ ನಾನು ಆ ಮನೆಗೆ ಹೋಗಲ್ಲ" ಎಂದಳು. ಇಷ್ಟು ಫ್ಯಾಕ್ಟ್ಸು.

ಒಪೀನಿಯನ್ ಏನೆಂದರೆ, ನಾನು ಕರೆದುಕೊಂಡು ಹೋಗಿ ಎಂದು ಬರೆದರೆ ಮಗಳನ್ನು ಸಾಗಹಾಕಿದ ಹಾಗೆ. ನೀವು ಕಳಿಸಿಕೊಡಿ ಎಂದು ಬರೆದರೆ ತಪ್ಪು ಒಪ್ಪಿಕೊಂಡ ಹಾಗೆ. ಆದ್ದರಿಂದ ನಾವಿಬ್ಬರೂ ಸದ್ಯಕ್ಕೆ ಕೋಟೆಯ ಬಗ್ಗೆ ಬರೆಯೋಣ.

ಬೀಗಿತ್ತಿಯವರಿಗೆ ನನ್ನ ವಂದನೆ ಹೇಳಿ,
ಗುಡ್ಡದ ಈಚೆಯ ಬೀಗ


ಫೆಬ್ರವರಿ ೧೩

ಬೀಗರೇ,

ಕಾಗದ ಬಂತು. ಉದ್ದ ಇತ್ತು. ಎರಡು ದಿನ ಓದಿದೆ.

ನಮ್ಮ ಮಗ ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲ, ಆದ್ದರಿಂದ ವ್ಯತ್ಯಾಸ ನಮಗೆ ತಡವಾಗಿ ತಿಳಿಯಿತು.

ಗೋಡೆ ಚೆನ್ನಾಗಿದೆ. ನನ್ನ ಮಂಡಿ ಈಗ ಗುಡ್ಡ ಹತ್ತುವುದಿಲ್ಲ, ಅಂಗಳದಿಂದಲೇ ನೋಡಿದೆ. ಅಷ್ಟು ದೂರದಿಂದಲೂ ನೆಟ್ಟಗಿದೆ. ಊರಿನವರೆಲ್ಲ ಹೊಗಳಿದರು. ಸೊಸೆ ಹೊಗಳಲಿಲ್ಲ.

ಕಲ್ಲು ಎಲ್ಲಿಂದ ತಂದ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಹೊಸ ಕಲ್ಲು ಹಾಕಿದರೆ ಹಳೆಯ ಗೋಡೆಗೆ ಒಪ್ಪುವುದಿಲ್ಲ. ನಮ್ಮ ಹಿತ್ತಿಲ ಗೋಡೆಯದು ಕೋಟೆಯ ಕಲ್ಲು, ಮುತ್ತಜ್ಜನ ಕಾಲದಲ್ಲಿ ಇಳಿಸಿ ತಂದದ್ದು. ಅದನ್ನು ಪೂರ್ತಿ ಬಿಚ್ಚಿ ಮೇಲೆ ಸಾಗಿಸಿದ್ದಾನೆ. ಈಗ ಕೋಟೆಗೆ ಗೋಡೆ ಇದೆ, ನಮಗಿಲ್ಲ. ಪಕ್ಕದವರ ಮೇಕೆಗಳು ಬಂದು ಹೋಗುತ್ತವೆ.

ಸೊಸೆಗೆ ಕೆಮ್ಮು ಇತ್ತು, ಹೋಗಿದೆಯೇ ಎಂದು ನಿಮ್ಮ ಬೀಗಿತ್ತಿ ಕೇಳುತ್ತಾಳೆ. ನಾನು ಕೇಳುತ್ತಿಲ್ಲ.

ಆಚೆಯವನು


ಫೆಬ್ರವರಿ ೨೨

ಬೀಗರಿಗೆ ನಮಸ್ಕಾರ.

ಕೆಮ್ಮು ಹೋಗಿದೆ. ಬೀಗಿತ್ತಿಯವರಿಗೆ ತಿಳಿಸಿ. ಕೇಳದೆ ಇದ್ದ ನಿಮಗೂ ತಿಳಿದಿರಲಿ.

ಹಿತ್ತಿಲ ಗೋಡೆಯ ವಿಷಯ ಓದಿ ನನಗೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಮಗಳಿಗೆ ಹೇಳೋಣವೆಂದು ಬಾಯಿ ತೆರೆದೆ. "ಅಪ್ಪಾ, ಆ ಊರಿನ ಸುದ್ದಿ ಬೇಡ ಅಂದಿದೀನಲ್ಲ" ಎಂದಳು. ಬಾಯಿ ಮುಚ್ಚಿದೆ. ಅವಳ ಬಾಯಿ ಅವಳ ಅಮ್ಮನದೇ. ನನ್ನಾಕೆ ಇದ್ದಾಗಲೂ ಈ ಮನೆಯಲ್ಲಿ ನಾನು ಅರ್ಧಕ್ಕೆ ನುಂಗಿದ ವಾಕ್ಯಗಳನ್ನು ಒಟ್ಟು ಮಾಡಿದ್ದರೆ ಒಂದು ಸಂಪುಟವಾಗುತ್ತಿತ್ತು.

ಇಲ್ಲಿನ ಪರಿಸ್ಥಿತಿ ಸೀಜ್, ಅಂದರೆ ಮುತ್ತಿಗೆಯದು. ಅವಳು ಮಹಡಿಯ ಕೋಣೆ ಹಿಡಿದಿದ್ದಾಳೆ. ಮೇಜನ್ನು ಗುಡ್ಡ ಕಾಣುವ ಕಿಟಕಿಯ ಬಳಿಗೆ ಎಳೆದುಕೊಂಡಿದ್ದಾಳೆ, ಆದರೆ ಕುರ್ಚಿಯನ್ನು ಗುಡ್ಡಕ್ಕೆ ಬೆನ್ನು ಮಾಡಿ ಹಾಕಿದ್ದಾಳೆ. ನಾನು ಕೆಳಗೆ. ಊಟದ ಹೊತ್ತಿಗೆ ಕದನವಿರಾಮ. ಮೊನ್ನೆ ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಊಟದ ನಡುವೆ ಇದ್ದಕ್ಕಿದ್ದಂತೆ ಕೇಳಿದಳು, "ಆ ಗೋಡೆಯ ಗಾರೆ ಒಣಗಿರುತ್ತಾ?" "ನಿನಗ್ಯಾಕೆ ಅದು?" ಎಂದೆ. "ಸುಮ್ಮನೆ ಕೇಳಿದೆ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಗೋಡೆ ಬೇಡ, ಆದರೆ ಗೋಡೆ ನೆನೆಯಬಾರದು. ಇದನ್ನು ಇಂಗ್ಲಿಷಿನಲ್ಲಿ ಪ್ಯಾರಡಾಕ್ಸ್ ಎನ್ನುತ್ತಾರೆ. ಅಥವಾ ಪ್ಯಾರಲಲ್. ನಮ್ಮ ಲೆಕ್ಚರರ್ ಎರಡನ್ನೂ ಒಂದೇ ದಿನ ಹೇಳಿಕೊಟ್ಟರು, ಅಂದಿನಿಂದ ನನಗೆ ಎರಡೂ ಕಲಸಿಹೋಗಿವೆ.

ಈಗ ಕೋಟೆಯ ವಿಚಾರ. ಮುತ್ತಿಗೆ ಅಷ್ಟು ವರ್ಷ ಎಳೆದದ್ದು ಯಾಕೆ ಎಂದು ಮಗಳು ಬರೆದಿದ್ದಾಳೆ. ಮೊದಲ ವರ್ಷ ನಿಮ್ಮ ದೊರೆಯ ಸೈನಿಕರು ಗುಡ್ಡದ ಬುಡದಲ್ಲಿ ಡೇರೆ ಹಾಕಿದರು. ಎರಡನೆಯ ವರ್ಷ ಡೇರೆಯ ಪಕ್ಕ ತರಕಾರಿ ಹಾಕಿದರು. ಮೂರನೆಯ ವರ್ಷ ಹೆಂಡತಿಯರನ್ನು ಕರೆಸಿಕೊಂಡರು. ಆಮೇಲೆ ಯುದ್ಧದ ಮಾತು ಕಡಿಮೆಯಾಗಿ ಹಿತ್ತಿಲ ಗಡಿಯ ಜಗಳ ಜಾಸ್ತಿಯಾಯಿತು. ಹೀಗೆ ಹುಟ್ಟಿದ್ದೇ ನಿಮ್ಮ ಊರು. ಮೇಲಿನವರಿಗೆ ಕಾಳು ಮುಗಿದಿತ್ತು, ಕೆಳಗಿನವರಿಗೆ ಆಸೆ ಮುಗಿದಿತ್ತು. ಕತ್ತಲಾದ ಮೇಲೆ ಮೇಲಿನಿಂದ ಬುಟ್ಟಿ ಇಳಿಯುತ್ತಿತ್ತಂತೆ, ಕೆಳಗಿನವರು ತರಕಾರಿ ತುಂಬಿ ಕಳಿಸುತ್ತಿದ್ದರಂತೆ. ಬೆಳಗಾದರೆ ಮತ್ತೆ ಒಬ್ಬರಿಗೊಬ್ಬರು ಬೈಗಳು.

ಹಾಗಾದರೆ ರಾಜಿ ಯಾಕಾಗಲಿಲ್ಲ? ಮೊದಲು ದೂತನನ್ನು ಕಳಿಸಿದವನು ಸೋತ ಹಾಗೆ. ಇವನು ಕಳಿಸಲಿ ಎಂದು ಅವನು, ಅವನು ಕಳಿಸಲಿ ಎಂದು ಇವನು. ಇಬ್ಬರ ಅರಮನೆಯಲ್ಲೂ ದೂತರು ಒಳ್ಳೆಯ ಬಟ್ಟೆ ಹಾಕಿಕೊಂಡು ಸಿದ್ಧವಾಗಿ ಕೂತು ಕೂತು ಮುದುಕರಾದರು.

ನಾನು ಬರೀ ಚರಿತ್ರೆ ಬರೆಯುತ್ತಿದ್ದೇನೆ, ಬೀಗರೇ. ಬೇರೆ ಏನೂ ಇಲ್ಲ.

ನಿಮ್ಮವನೇ ಆದ,
ಈಚೆಯ ಬೀಗ


ಮಾರ್ಚ್ ೩

ಬೀಗರೇ,

ದೂತರ ವಿಷಯ ಅರ್ಥವಾಯಿತು. ನಾವು ಕಲ್ಲಿನವರು, ನಮಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನೇರ ಹೇಳುತ್ತೇನೆ.

ಸೊಸೆ ಬರಲಿ. ಬೇಡ ಎಂದವರು ಯಾರು? ಆದರೆ ಗೋಡೆ ಕೆಡವುವುದಿಲ್ಲ. ಸೊಟ್ಟಗೆ ಕಟ್ಟಿದ್ದನ್ನು ನಾವು ಕೆಡವಿದ್ದೇವೆ, ನಮ್ಮದನ್ನೂ ಪರರದನ್ನೂ. ನೆಟ್ಟಗಿರುವ ಗೋಡೆಗೆ ಹಾರೆ ಹಾಕುವುದು ನಮ್ಮ ಮನೆತನದಲ್ಲಿ ಇಲ್ಲ. ನನ್ನಪ್ಪ ಹಾಕಲಿಲ್ಲ, ನಾನು ಹಾಕಲಿಲ್ಲ, ನನ್ನ ಮಗನೂ ಹಾಕಬಾರದು. ಅವನಿಗೆ ಹೇಳಿದ್ದೇನೆ.

ನಮ್ಮ ಊರು ಡೇರೆಯಿಂದ ಹುಟ್ಟಿತು ಎಂದದ್ದಕ್ಕೆ ನಿಮ್ಮ ಬೀಗಿತ್ತಿಗೆ ಬೇಜಾರಾಗಿದೆ.

ಮೇಕೆ ಇನ್ನೂ ಬರುತ್ತಿವೆ.

ಆಚೆಯವನು


ಮಾರ್ಚ್ ೧೯

ಬೀಗರಿಗೆ ನಮಸ್ಕಾರ.

ಬೀಗಿತ್ತಿಯವರಲ್ಲಿ ಕ್ಷಮೆ ಕೇಳಿದೆ ಎಂದು ಹೇಳಿ. ಡೇರೆಯಿಂದ ಹುಟ್ಟಿದರೇನು, ಇಂದು ನಿಮ್ಮ ಊರಿನಲ್ಲಿ ಮೂರು ಬ್ಯಾಂಕಿವೆ. ನಮ್ಮ ಊರು ಅರಮನೆಯ ಲಾಯದಿಂದ ಹುಟ್ಟಿದ್ದು, ಇಂದಿಗೂ ಒಂದೇ ಬ್ಯಾಂಕು.

ವಿಷಯಕ್ಕೆ ಬರುತ್ತೇನೆ. ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್ ಎಂದೋ ಥಿನ್ ಎಂದೋ, ಮಗಳ ಪ್ರಬಂಧದ ಪರೀಕ್ಷಕರು ಮೊನ್ನೆ ಬಂದಿದ್ದರು. ಡಿಗ್ರಿ ಕೊಡುವ ಮುಂಚೆ ಕಂಡಿಯನ್ನು ಕಣ್ಣಾರೆ ನೋಡಬೇಕು ಎಂದಿದ್ದರಂತೆ. ತುಂಬ ದಪ್ಪನೆಯ ಮನುಷ್ಯ, ತುಂಬ ಕಲಿತವರು. ಅವರ ಕೊಡೆ ಹಿಡಿಯುವ ನೆಪದಲ್ಲಿ ನಾನೂ ಹೋದೆ.

ಅದಕ್ಕೂ ಮೊದಲು ಒಂದು ಮಾತು. ನಾನು ಹಿಂದಿನ ವಾರ ಕೋಟೆ ನೋಡಿಕೊಳ್ಳುವ ಕಚೇರಿಗೆ ಹೋಗಿ ಸಾಹೇಬರನ್ನು ಕಂಡು, ಮುಚ್ಚಿದ ಕಂಡಿಯನ್ನು ತೆರೆಸಿಕೊಡಿ ಎಂದು ಕೇಳಿದ್ದೆ. ಅವರೆಂದರು, "ನೋಡಿ ಯಜಮಾನ್ರೇ, ಕಂಡಿ ಮುಚ್ಚಿ ಅಂತ ನಾವು ಯಾರಿಗೂ ಹೇಳಿಲ್ಲ. ಹಾಗಾಗಿ ನಮ್ಮ ಪ್ರಕಾರ ಅದು ತೆರೆದೇ ಇದೆ. ತೆರೆದೇ ಇರೋದನ್ನ ತೆರೀರಿ ಅಂತ ನಾನು ಹೇಗೆ ಅಪ್ಪಣೆ ಕೊಡ್ಲಿ?" "ಹಾಗಾದ್ರೆ ಯಾರಾದ್ರೂ ತೆರೆದ್ರೆ?" ಎಂದೆ. "ತೆರೆದಿರೋದು ತೆರೆದಿರುತ್ತೆ, ಅಷ್ಟೆ" ಎಂದು ಕನ್ನಡಕ ಒರೆಸಿಕೊಂಡರು. ಇಷ್ಟು ಒಳ್ಳೆಯ ಉತ್ತರ ನನ್ನ ಸರ್ವೀಸಿನಲ್ಲೇ ನಾನು ಬರೆದಿರಲಿಲ್ಲ.

ಪರೀಕ್ಷಕರು ಗುಡ್ಡ ಹತ್ತುವಾಗ ನಾಲ್ಕು ಕಡೆ ಕೂತರು. ಗೋಡೆಯ ಮುಂದೆ ನಿಂತು ಅಂಗೈಯಲ್ಲಿ ತಟ್ಟಿ ನೋಡಿದರು. "ಅದ್ಭುತವಾದ ಕೆಲಸ" ಎಂದರು. "ಇಂಥ ಗೋಡೆಯನ್ನ ಶತ್ರುಗಳು ಒಡೆದ್ರು ಅಂತೀರಲ್ಲ, ನಂಬೋದು ಕಷ್ಟ. ಎಲ್ಲಿದೆ ನಿಮ್ಮ ಕಂಡಿ?"

ಮಗಳು ಗೋಡೆಯ ಕಡೆ ತಿರುಗಿದಳು. ಈಗ ಶುರುವಾಗುತ್ತದೆ ಗಂಡನ ಮೇಲಿನ ಬೈಗಳು, ಊರ ಹೊರಗಿನವರ ಮುಂದೆ, ಎಂದುಕೊಂಡು ಕೊಡೆಯನ್ನು ಅಡ್ಡ ಹಿಡಿದೆ.

"ಕಂಡಿ ಇಲ್ಲೇ ಇತ್ತು ಸರ್. ನಮ್ಮವರು ಮುಚ್ಚಿದಾರೆ" ಎಂದಳು.

"ನಮ್ಮವರು ಅಂದ್ರೆ, ಕಚೇರಿಯವರಾ?"

"ಅಲ್ಲ. ನಮ್ಮವರು."

ಬೀಗರೇ, ಒಂದೂವರೆ ತಿಂಗಳಿಂದ ಈ ಮನೆಯಲ್ಲಿ ಅಳಿಯಂದಿರ ಪ್ರಸ್ತಾಪ ಬಂದರೆ "ಆ ಮನುಷ್ಯ". ಹೊರಗಿನವರು ಕೇಳಿದ ಕೂಡಲೇ "ನಮ್ಮವರು". ಪರೀಕ್ಷಕರು ಅವಳನ್ನೂ ನೋಡಿದರು, ಗೋಡೆಯನ್ನೂ ನೋಡಿದರು. ಏನು ತಿಳಿಯಿತೋ, "ಹಾಗಾದ್ರೆ ನಾನು ಎರಡು ತಿಂಗಳು ಬಿಟ್ಟು ಬರ್ತೀನಿ" ಎಂದು ಇಳಿಯತೊಡಗಿದರು. ಇಳಿಯುವಾಗ ಎಂಟು ಕಡೆ ಕೂತರು.

ನಾನು ಇದನ್ನು ಎವಿಡೆನ್ಸ್ ಎಂದು ದಾಖಲಿಸುತ್ತಿದ್ದೇನೆ. ನಿಮ್ಮ ಮನೆತನದ ಮರ್ಯಾದೆ ಗೊತ್ತು. ನೀವು ಹಾರೆ ಹಾಕುವುದಿಲ್ಲ. ಆದರೆ ನನ್ನ ಮನೆತನಕ್ಕೆ ಅಂಥ ನಿಯಮ ಏನೂ ಇಲ್ಲ. ಇದನ್ನು ಸುಮ್ಮನೆ ಹೇಳಿದೆ.

ವಂದನೆಗಳೊಂದಿಗೆ,
ಈಚೆಯವನು


ಏಪ್ರಿಲ್ ೫

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕನ್ನಡಕದ ಡಬ್ಬಿ, ಒಂದು ಎಡಗಾಲಿನ ಚಪ್ಪಲಿ ಗೋಡೆಯ ಬುಡದಲ್ಲಿ ಸಿಕ್ಕವು. ಇದರ ಜೊತೆ ಕಳಿಸಿದ್ದೇನೆ. ಹಾರೆ ಯಾರದೆಂದು ಗೊತ್ತಾಗಲಿಲ್ಲ, ಕೋಟೆಯ ಕಾವಲುಗಾರರ ಹತ್ತಿರ ಇಟ್ಟಿದ್ದೇನೆ. ಅವರು ಎಲ್ಲ ಹೇಳಿದರು. ನೀವು ಗೋಡೆಯ ಮುಂದೆ ಕೂತಿದ್ದಿರಂತೆ. ಅವರು "ಏನ್ ಮಾಡ್ತಿದೀರಿ ಯಜಮಾನ್ರೇ?" ಎಂದರಂತೆ. ನೀವು "ಇನ್‌ಸ್ಪೆಕ್ಷನ್" ಎಂದಿರಂತೆ. "ಹಾರೆ ಹಿಡ್ಕೊಂಡಾ?" ಎಂದು ಕೇಳಿದ್ದಕ್ಕೆ "ಕ್ಲೋಸ್ ಇನ್‌ಸ್ಪೆಕ್ಷನ್" ಎಂದಿರಂತೆ. ಆಮೇಲೆ ಏಳಲು ಆಗದೆ ಅವರೇ ಕೈಹಿಡಿದು ಕೆಳಗೆ ಬಿಟ್ಟು ಬಂದರಂತೆ. ಬೆನ್ನು ಈಗ ಹೇಗಿದೆ?

ಮಾವ, ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. ನೀವು ಬುಡದ ಕಲ್ಲಿಗೆ ಕೈ ಹಾಕಿದ್ದೀರಿ. ಅದು ಬಂದಿದ್ದರೆ ಮೇಲಿನದೆಲ್ಲ ನಿಮ್ಮ ತಲೆಯ ಮೇಲಿರುತ್ತಿತ್ತು. ಅದು ಬರಲಿಲ್ಲ, ಪುಣ್ಯ. ನಾನು ಕಟ್ಟಿದ್ದು ಬಿಗಿಯಾಗಿ ಬಂದಿದೆ ಎಂದು ಮೊದಲ ಸಲ ಸಮಾಧಾನವಾಯಿತು.

ಯಾಕೆ ಮುಚ್ಚಿದೆ ಎಂದು ನೀವು ಕೇಳಲಿಲ್ಲ. ಅವಳೂ ಕೇಳಲಿಲ್ಲ, ಅವತ್ತೇ ಫೋನಿನಲ್ಲಿ ನೇರ ಬೈದಳು. ಮದುವೆಯಾದಾಗಿನಿಂದ ಊಟಕ್ಕೆ ಕೂತರೆ ಆ ಕಂಡಿಯದೇ ಮಾತು. ಇಲ್ಲಿಂದ ಬಂದರು, ಎಲ್ಲ ಹಾಳಾಯಿತು ಎನ್ನುವಾಗ ಅವಳ ದನಿ ಸಣ್ಣಗಾಗುತ್ತಿತ್ತು. ಒಮ್ಮೆ ಕಣ್ಣಲ್ಲಿ ನೀರೂ ಬಂದಿತ್ತು. ನನ್ನ ಕಸುಬಿನಲ್ಲಿ ಜನ ಒಡೆದ ಗೋಡೆ ತೋರಿಸಿ ಅಂಥ ದನಿಯಲ್ಲಿ ಮಾತಾಡಿದರೆ, ಸರಿಮಾಡಿಕೊಡಿ ಎಂದೇ ಅರ್ಥ. ಅವಳು ಊರಲ್ಲಿ ಇಲ್ಲದಾಗ ಮಾಡಿಟ್ಟು, ಬಂದಾಗ ತೋರಿಸೋಣ ಎಂದುಕೊಂಡೆ. ಎರಡು ತಿಂಗಳು ಹಗಲೆಲ್ಲ ಕಟ್ಟಿದೆ. ಅವಳು ಅಷ್ಟು ಬೇಗ ಗುಂಪು ಕರೆದುಕೊಂಡು ಹೋಗುತ್ತಾಳೆ ಎಂದು ಗೊತ್ತಿರಲಿಲ್ಲ. ಅವತ್ತು ಸಂಜೆ ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಬೇಕೆಂದಿದ್ದೆ.

ಈಗ ತೆರೆಯಲು ನನಗೆ ಅಡ್ಡಿಯಿಲ್ಲ. ಆದರೆ ಅಪ್ಪ ಒಪ್ಪುವುದಿಲ್ಲ. ಒಪ್ಪಿದರೂ ಮುಚ್ಚುವ ಮೊದಲು ನಾನು ಅಳತೆ ಇಟ್ಟುಕೊಂಡಿಲ್ಲ. ಕಂಡಿ ಎಷ್ಟು ಅಗಲ, ಯಾವ ಕಲ್ಲು ಉಳಿದಿತ್ತು, ಯಾವುದು ಜರಿದಿತ್ತು ಎಲ್ಲ ಅವಳಿಗೇ ಗೊತ್ತು. ಫೋನ್ ಮಾಡಿದರೆ ಎತ್ತುವುದಿಲ್ಲ.

ಈ ಕಾಗದ ಅವಳಿಗೆ ತೋರಿಸಬೇಡಿ. ತೋರಿಸಲೇಬೇಕು ಎಂದು ನಿಮಗೆ ಅನ್ನಿಸಿದರೆ ನಾನೇನು ಮಾಡಲಾಗುತ್ತದೆ.

ನಿಮ್ಮ ಅಳಿಯ


ಏಪ್ರಿಲ್ ೧೬

ಬೀಗರೇ,

ನಿಮ್ಮ ಬೆನ್ನಿನ ವಿಷಯ ಕೇಳಿದೆ. ಬಿಸಿನೀರಿನ ಶಾಖ ಕೊಡಿ.

ಹಿತ್ತಿಲಿಗೆ ಗೋಡೆ ಇಲ್ಲದೆ ನಿಮ್ಮ ಬೀಗಿತ್ತಿ ಬಚ್ಚಲಿಗೆ ಹೋಗಲು ಸೀರೆಯೊಂದನ್ನು ಮರೆಗೆ ಅಡ್ಡ ಕಟ್ಟಿದ್ದಳು. ಮೇಕೆ ಅದನ್ನೂ ತಿಂದಿತು. ಆವತ್ತಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಮಗ ಮಾತಾಡುವುದಿಲ್ಲ, ಹೆಂಡತಿ ಮಾತಾಡುವುದಿಲ್ಲ. ನನಗೆ ಕಿವಿ ಕೇಳುವುದಿಲ್ಲ ನಿಜ, ಆದರೆ ಯಾರೂ ಮಾತಾಡುತ್ತಿಲ್ಲ ಎಂಬುದು ಕೇಳುತ್ತದೆ.

ಯೋಚಿಸಿದೆ. ನೆಟ್ಟಗೆ ಕಟ್ಟಿದ್ದನ್ನು ಕೆಡವುವುದಿಲ್ಲ ಎಂದಿದ್ದೆ, ಈಗಲೂ ಕೆಡವುವುದಿಲ್ಲ. ಆದರೆ ಆ ಹಳೆಯ ಕಂಡಿ ಯಾರೂ ಕಟ್ಟಿದ್ದಲ್ಲ. ಒಡೆದು ಹಾಗೇ ಬಿಟ್ಟದ್ದು. ಅಂಚು ಸಡಿಲ ಇತ್ತು, ವರ್ಷಕ್ಕೊಂದು ಕಲ್ಲು ಜಾರುತ್ತಿತ್ತು. ಅದನ್ನು ನಾವು ಸರಿಯಾಗಿ ಕಟ್ಟಬಹುದು. ಭದ್ರವಾದ ಕಂಡಿ. ಇನ್ನೂ ಏಳೆಂಟು ನೂರು ವರ್ಷ ಬೀಳದ ಹಾಗೆ. ಅದಕ್ಕೆ ಅಡ್ಡ ಬರುವ ಕಲ್ಲು ತೆಗೆಯಬೇಕಾಗುತ್ತದೆ, ಅದು ಕೆಡವಿದ ಹಾಗಲ್ಲ, ಕೆಲಸದ ಒಂದು ಭಾಗ. ಮಿಕ್ಕಿದ ಕಲ್ಲು ಹಿತ್ತಿಲಿಗೆ.

ಕಂಡಿ ಕಟ್ಟಲು ನಕ್ಷೆ ಬೇಕು. ನಕ್ಷೆ ಸೊಸೆಯ ಹತ್ತಿರ ಇದೆಯಂತೆ.

ಇದು ದೂತನನ್ನು ಕಳಿಸಿದ್ದಲ್ಲ. ನಕ್ಷೆ ಕೇಳಿದ್ದು.

ಆಚೆಯವನು


ಏಪ್ರಿಲ್ ೨೭
ಕೋಟೆಯ ಒಳಗೆ, ಒಂದು ಕಲ್ಲಿನ ಮೇಲೆ ಕೂತು

ಬೀಗರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ನಿಮ್ಮ ಮಂಡಿ ಇಲ್ಲಿಗೆ ಬರುವುದಿಲ್ಲವಲ್ಲ, ನಿಮ್ಮ ಪರವಾಗಿ ನಾನೇ ಸರ್ವೇಯರ್. ಆನ್ ದ ಸ್ಪಾಟ್ ರಿಪೋರ್ಟ್.

ಅಳಿಯಂದಿರ ಕಾಗದವನ್ನು ನಾನು ಮಗಳಿಗೆ ತೋರಿಸಲಿಲ್ಲ. ಊಟದ ಮೇಜಿನ ಮೇಲೆ ಮರೆತೆ. ನಿಮ್ಮದನ್ನೂ ಅದರ ಪಕ್ಕ ಮರೆತೆ. ಮರೆತು ತಿರುಗಾಡಲು ಹೋಗಿ ಬಂದರೆ ಎರಡೂ ಇಲ್ಲ. ಕೆಲವು ದಿನ ಒಂದು ಮಾತಿಲ್ಲ, ಕತೆಯಿಲ್ಲ. ಇವತ್ತು ಬೆಳಗ್ಗೆ ನಕ್ಷೆಯ ಸುರುಳಿ, ಅಳತೆಪಟ್ಟಿ ಹಿಡಿದುಕೊಂಡು ಇಳಿದು ಬಂದಳು. "ಅಪ್ಪಾ, ಗುಡ್ಡಕ್ಕೆ ಹೋಗ್ತಿದೀನಿ, ಬರ್ತೀರಾ?"

"ಏನಮ್ಮಾ, ರಾಜಿನಾ?"

"ರಾಜಿ ಏನಿಲ್ಲ. ಅವರ ಕೈಗೆ ಬಿಟ್ರೆ ಕಂಡೀನೂ ನೆಟ್ಟಗೆ ಕಟ್ಟಿಬಿಡ್ತಾರೆ."

ಯಾರು ಯಾರಿಗೆ ಫೋನ್ ಮಾಡಿದ್ದರೋ, ನಾವು ಬಂದಾಗ ಅಳಿಯಂದಿರು ಆಗಲೇ ಗೋಡೆಯ ನೆತ್ತಿಯಲ್ಲಿದ್ದರು. ಜೊತೆಗೆ ಇಬ್ಬರು ಕೆಲಸದವರು. ನಮಸ್ಕಾರ ಮಾವ ಎಂದರು. ಅವಳಿಗೆ ಏನೂ ಅನ್ನಲಿಲ್ಲ, ಅವಳೂ ಏನೂ ಅನ್ನಲಿಲ್ಲ, ನ್ಯೂಟ್ರಲ್. ಕಲ್ಲು ತೆಗೆಯಲು ಶುರುವಾದ ಕೂಡಲೇ ಇಬ್ಬರಿಗೂ ಬಾಯಿ ಬಂತು.

"ಇದನ್ನ ಯಾಕೆ ಚೌಕ ಮಾಡ್ತಿದೀರ? ಇದೇನು ಕಿಟಕೀನಾ?"

"ಅಂಚು ಸಮ ಇದ್ರೆ ಗಟ್ಟಿ."

"ಶತ್ರುಗಳು ಮಟ್ಟಗೋಲು ಇಟ್ಕೊಂಡು ಒಡೆದ್ರಾ?"

ಸ್ವಲ್ಪ ಹೊತ್ತಿಗೆ ಅವರು ಒಂದು ಕಲ್ಲನ್ನು ಸವರಿ, "ಇದು ಚೆನ್ನಾಗಿ ಕೂತಿದೆ, ಬಿಡೋಣ" ಎಂದರು. "ಚೆನ್ನಾಗಿ ಕೂತಿದೆ ಅಂತ ಅವರು ಬಿಟ್ಟು ಹೋದ್ರಾ? ನಕ್ಷೆ ನೋಡಿ, ಅಲ್ಲಿ ಕಲ್ಲಿಲ್ಲ." ಅವರು ನಿಟ್ಟುಸಿರು ಬಿಟ್ಟು ತೆಗೆದರು. ಪ್ರತಿ ಕಲ್ಲಿಗೂ ಹೀಗೆ ಒಂದು ನ್ಯಾಯಾಲಯ. ಆ ದೊರೆಯ ಸೈನ್ಯಕ್ಕೆ ಕೂಡ ಈ ಗೋಡೆ ಒಡೆಯಲು ಇಷ್ಟು ವಾದ ಮಾಡಬೇಕಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದೆ. ಇಬ್ಬರೂ ಒಟ್ಟಿಗೆ "ಆಮೇಲೆ" ಎಂದರು. ನಾನೊಬ್ಬನೇ ಬುತ್ತಿ ಬಿಚ್ಚಿದೆ, ಮೂವರದನ್ನೂ ಅರ್ಧರ್ಧ ತಿಂದೆ. ಕೆಲಸದವರು ನಾಲ್ಕಕ್ಕೆ ಹೊರಟುಹೋದರು, ಇವರಿಬ್ಬರೂ ನೋಡಲಿಲ್ಲ.

ಆಮೇಲೆ ಒಂದು ಕಲ್ಲು ಬಂತು. ಅದರಲ್ಲಿ ಒಂದು ಕಬ್ಬಿಣದ ಬಳೆ ಇತ್ತು. ಮಗಳು ಅದನ್ನು ನೋಡುತ್ತ ನಿಂತಳು.

"ಇದು ನಮ್ಮ ಹಿತ್ತಿಲ ಕಲ್ಲಲ್ವಾ? ಬಟ್ಟೆ ಹಗ್ಗ ಕಟ್ಟೋದು?"

"ಹೂಂ."

"ಇದಿಲ್ಲಿ ಹೇಗೆ ಬಂತು?"

ಅವರು ಕೈ ಒರೆಸಿಕೊಂಡರು. ಅಷ್ಟು ದಿನ ಆ ಊರಿನ ಸುದ್ದಿ ಬೇಡ ಎಂದವಳಿಗೆ ಈ ಸುದ್ದಿ ನಾನೇ ಹೇಳಬೇಕಾಯಿತು, ಕಲ್ಲಿನ ಮೇಲೆ ಕೂತಲ್ಲಿಂದಲೇ. "ಎಲ್ಲ ಕಲ್ಲೂ ಅಲ್ಲೀದೇ ಕಣಮ್ಮಾ. ಹಿತ್ತಿಲ ಗೋಡೇನೇ ಬಿಚ್ಚಿ ತಂದಿದಾರೆ."

"ಪೂರ್ತಿನಾ?"

"ಪೂರ್ತಿ."

"ಮತ್ತೆ ಅತ್ತೆ ಬಟ್ಟೆ ಎಲ್ಲಿ ಒಣಗಿಸ್ತಿದಾರೆ?"

"ಒಳಗೇ" ಎಂದರು ಅಳಿಯಂದಿರು.

ಅವಳು ತುಂಬ ಹೊತ್ತು ಆ ಬಳೆಯನ್ನು ಹಿಡಿದುಕೊಂಡೇ ಇದ್ದಳು. ಕೊನೆಗೆ ಅಂದದ್ದು ಇಷ್ಟೇ: "ಒಂದು ಮಾತು ಕೇಳಬಾರದಿತ್ತಾ? ನಾನು ಅತ್ತಿದ್ದು ಒಡೆದದ್ದಕ್ಕಲ್ಲ. ಅದು ಅಷ್ಟು ಚೆನ್ನಾಗಿದೆ ಅಂತ." ಅವರು ತಲೆ ಕೆರೆದುಕೊಂಡು, "ಅದು ನನಗೆ ಹೇಗೆ ಗೊತ್ತಾಗಬೇಕು?" ಎಂದರು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ನನ್ನ ಸರ್ವೀಸಿನಲ್ಲಿ ಇಂಥ ಕೇಸು ಬಂದಿದ್ದರೆ ಬೋತ್ ಪಾರ್ಟೀಸ್ ಎಂದು ಬರೆದು ಮೇಲಿನವರಿಗೆ ಕಳಿಸುತ್ತಿದ್ದೆ.

ಈಗಿನ ಸ್ಥಿತಿ ಹೀಗಿದೆ, ಬೀಗರೇ. ಮೇಲಿನಿಂದ ತೆಗೆಯುತ್ತ ಬಂದು ಸೊಂಟದ ಎತ್ತರಕ್ಕೆ ಇಳಿದಿದೆ. ಇನ್ನು ಎರಡು ಸಾಲು ಬಾಕಿ. ಸೂರ್ಯ ನಿಮ್ಮ ಊರಿನ ಮೇಲೆ ಇಳಿಯುತ್ತಿದ್ದಾನೆ. ಕಂಡಿಯಿಂದ ಒಳಗೆ ಬರುವ ಬೆಳಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಈ ಹೊತ್ತಿಗೆ ಈ ಜಾಗದಲ್ಲಿ ಗೋಡೆಯ ನೆರಳಿದ್ದಿರಬೇಕು.

"ಇನ್ನೊಂದು ಸಾಲು" ಎಂದಳು.

"ನಾಳೆ" ಎಂದರು.

"ನಾಳೆ ಅಂದ್ರೆ ನಾನು ಅಪ್ಪನ ಮನೆ ಕಡೆಯಿಂದ ಮತ್ತೆ ಅಷ್ಟು ದೂರ ಹತ್ತಬೇಕು."

"ಈ ಕಡೆಯಿಂದ ಹತ್ತಿರ" ಎಂದರು ಅಳಿಯಂದಿರು. ಅವಳ ಮುಖ ನೋಡಿ ಅಲ್ಲ, ಉಳಿ ಒರೆಸುತ್ತ.

ನಾನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳು ನನ್ನನ್ನು ನೋಡುತ್ತಿದ್ದಳು, ನೋಡಿದ್ದರೆ ಏನೋ ಒಂದು ಹೇಳಬೇಕಾಗುತ್ತಿತ್ತು.

"ಹಿತ್ತಿಲಿಗೆ ಗೋಡೆ ಇಲ್ಲ, ಮೊದಲೇ ಹೇಳ್ತಿದೀನಿ" ಎಂದರು ಅವರು.

"ಗೊತ್ತಾಯ್ತು. ನಾಳೆ ಕಲ್ಲೆಲ್ಲ ಇಳಿಸಿ. ಎಲ್ಲಿ ಯಾವ ಕಲ್ಲಿತ್ತು ನಾನು ಹೇಳ್ತೀನಿ. ಈ ಸಲ ಅತ್ತೇನ ಕೇಳಿ ಕಟ್ಟಿ."

ಅವರು ಮೊದಲು ದಾಟಿ ಆಚೆಯಿಂದ ಕೈ ಚಾಚಿದ್ದಾರೆ. ಅವಳು ಆ ಕೈಗೆ ನಕ್ಷೆಯ ಸುರುಳಿ ಕೊಟ್ಟಳು. ತಾನೇ ಗೋಡೆಯ ಮೇಲೆ ಕೈಯೂರಿ ಹತ್ತಿ ಕೂತಿದ್ದಾಳೆ, ಒಂದು ಕಾಲು ನಮ್ಮ ಕಡೆ, ಒಂದು ಕಾಲು ನಿಮ್ಮ ಕಡೆ. "ಅಪ್ಪಾ, ಕೆಳಗಿನವರೆಗೂ ಕಾವಲುಗಾರರು ಜೊತೆಗೆ ಬರ್ತಾರೆ, ಹೇಳಿದೀನಿ. ಸಾಕು ಬರೆದಿದ್ದು, ಹೊರಡಿ" ಎನ್ನುತ್ತಿದ್ದಾಳೆ.

ಒಂದು ನಿಮಿಷ ನಿಲ್ಲು, ನಿನ್ನ ಮಾವನಿಗೆ ಒಂದು ಕಾಗದ ಇದೆ, ತೆಗೆದುಕೊಂಡು ಹೋಗು ಎಂದಿದ್ದೇನೆ. ಹಾಗಾಗಿ ಬೇಗ ಮುಗಿಸಬೇಕು. ನಿಮಗೆ ತಿಳಿಯಬೇಕಾದ ವಿಷಯ ಇದನ್ನು ತಂದು ಕೊಟ್ಟ ಕೈಯನ್ನು ನೋಡಿದರೆ ತಿಳಿಯುತ್ತದೆ, ಒಳಗೆ ಹುಡುಕಬೇಡಿ. ಅವಳು ಮಧ್ಯಾಹ್ನದಿಂದ ಸರಿಯಾಗಿ ಉಂಡಿಲ್ಲ, ಅದೊಂದನ್ನು ಬೀಗಿತ್ತಿಯವರಿಗೆ ಹೇಳಿ. ನನ್ನ ಬೆನ್ನು ಈಗ ವಾಸಿ, ಬಿಸಿನೀರಿನ ಶಾಖದಿಂದಲೇ. ಇನ್ನೂ ಒಂದು ಮಾತಿತ್ತು, ಇಂಗ್ಲಿಷಿನಲ್ಲಿ ಅದಕ್ಕೆ ಚೆಂದದ ಒಂದು ಪದವಿದೆ, ನಾಲಿಗೆಯ ತುದಿಯಲ್ಲಿದೆ, ಆದರೆ ಸೂರ್ಯ ಕಂಡಿಯ ಅಂಚಿಗಿಂತ ಕೆಳಗೆ ಹೋದ, ಕಾಗದ ಬೂದಿಬಣ್ಣಕ್ಕೆ ತಿರುಗಿದೆ, ಬರೆದದ್ದು ನನಗೇ ಕಾಣುತ್ತಿಲ್ಲ

ಈಚೆಯ ಬೀಗ